ಆರು ರಿಂಗಿನ ನಡುವೆ ಕೆರೆಗಳ ಬರವಣಿಗೆ

ಸಾಗರ, ಸೊರಬದ ಕಡೆಯ ಹಳೆಯ ಕೆರೆಗಳ ಬಗ್ಗೆ ಬರೆಯುತ್ತಾ ಬಂದಿದ್ದೇನೆ. ಈ ಬರವಣಿಗೆಗೆ ಬೇಕಾದ ಸಾಮಗ್ರಿ ಎಂದೂ ಕ್ರಮವಾಗಿ ಕೈಗೆ ಬರುವುದಿಲ್ಲ. ಒಂದು ದಿನ ಏರಿಯ ಮೇಲೆ ನಡೆದು, ಕೆರೆಯ ನೀರನ್ನು ಗದ್ದೆಗೆ ಬಿಡುವ ತೂಬಿನ ಕಲ್ಲಿನ ಅಳತೆ ಬರೆದುಕೊಂಡಿರುತ್ತೇನೆ. ಇನ್ನೊಂದು ದಿನ ಗದ್ದೆಗಳಿಗೆ ನೀರು ಹಂಚುತ್ತಿದ್ದ ವಯಸ್ಸಾದ ನೀರಗಂಟಿಯೊಬ್ಬರು ಕೆರೆ ತುಂಬಿ ಕೋಡಿ ಬಿದ್ದ ವರ್ಷಗಳ ಕಥೆ ಹೇಳುತ್ತಾರೆ. ಆಮೇಲೆ ಯಾವಾಗಲೋ ಕರ್ನಾಟಕದ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟ ತಿರುವುವಾಗ ಅದೇ ಊರಿನ ಕೆರೆಗೆ ಭೂಮಿ ಬಿಟ್ಟ ಶಾಸನ ಕಣ್ಣಿಗೆ ಬೀಳುತ್ತದೆ. ಹೊಲಿದ ನೋಟ್‌ಬುಕ್ಕಿನಲ್ಲಿ ಈ ಮೂರೂ ಮೂರು ಕಡೆ ಕೂತುಬಿಡುತ್ತವೆ. ಲೇಖನಕ್ಕೆ ಅವು ಅಕ್ಕಪಕ್ಕ ಬೇಕು. ಬಿಡಿ ಹಾಳೆಗಳನ್ನು ಆರು ರಿಂಗುಗಳಲ್ಲಿ ಹಿಡಿದಿಡುವ, ಚರ್ಮದ ಹೊದಿಕೆಯ ರಿಂಗ್ ಪ್ಲ್ಯಾನರ್ ನನ್ನ ಕೈಗೆ ಒಗ್ಗಿದ್ದು ಇದೇ ಕಾರಣಕ್ಕೆ. ರಿಂಗು ತೆರೆದರೆ ಯಾವ ಹಾಳೆಯೂ ಎಲ್ಲಿಗೆ ಬೇಕಾದರೂ ಹೋಗುತ್ತದೆ.

ಅಳತೆಯ ವಿಚಾರ ಮೊದಲು. ಈ ಪ್ಲ್ಯಾನರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಪರ್ಸನಲ್’ ಅಳತೆಯ ಹಾಳೆ 95 ಮಿ.ಮೀ. ಅಗಲ, 171 ಮಿ.ಮೀ. ಉದ್ದ. ಜೋಳಿಗೆಗೆ ಹಗುರ, ಆದರೆ ಕನ್ನಡ ಬರೆಯುವವರಿಗೆ ಅಗಲ ಸಾಲದು. ‘ಕಟ್ಟಿಸಿಕೊಂಡಿದ್ದರಂತೆ’ ಎಂಬಂಥ ಪದ ಎರಡು ಬಂದರೆ ಸಾಲು ಮುಗಿಯುತ್ತದೆ. ಹಾಗಾಗಿ ನನ್ನದು ಎ5. ಇದರಲ್ಲಿ ಇನ್ನೊಂದು ಅನುಕೂಲವಿದೆ: ಎ4 ಹಾಳೆಯನ್ನು ಅಡ್ಡಕ್ಕೆ ಸರಿಯಾಗಿ ಎರಡು ಮಾಡಿದರೆ ಎ5, ಒಂದು ಚೂರೂ ವ್ಯರ್ಥವಾಗುವುದಿಲ್ಲ. ರೀಫಿಲ್ ಎಂದು ಮಾರುವ ಹಾಳೆಗಳು ದುಬಾರಿ, ನಮ್ಮ ಪೇಟೆಯಲ್ಲಿ ಸಿಗುವುದೂ ಇಲ್ಲ. ಒಂದು ರೀಮ್ (500 ಹಾಳೆ) ಎ4 ಕೊಂಡು ಪ್ರಿಂಟಿಂಗ್ ಪ್ರೆಸ್ಸಿನವರ ಹತ್ತಿರ ಒಟ್ಟಿಗೆ ಕತ್ತರಿಸಿಕೊಂಡರೆ ಸಾವಿರ ಹಾಳೆ ಆಗುತ್ತದೆ.

ತೂತು ಹಾಕುವುದಕ್ಕೆ ಆಫೀಸಿನ ಪಂಚಿಂಗ್ ಮಷಿನ್ ಆಗದು, ಅದು ಹಾಕುವುದು 80 ಮಿ.ಮೀ. ದೂರದ ಎರಡೇ ತೂತು. ಪ್ಲ್ಯಾನರ್‌ನಲ್ಲಿ ಮೂರು ಮೂರರ ಎರಡು ಗುಂಪು ಇರುತ್ತದೆ. ನಾನು ಮೂಲ ಹಾಳೆಯೊಂದನ್ನು ದಪ್ಪ ರಟ್ಟಿನ ಮೇಲಿಟ್ಟು ತೂತಿನ ಗುರುತು ತೆಗೆದುಕೊಂಡೆ. ಆ ರಟ್ಟಿನ ಅಳತೆಗೆ ನಾಲ್ಕೈದು ಹಾಳೆ ಹೊಂದಿಸಿ, ಒಂದೇ ತೂತಿನ ಪಂಚ್‌ನಿಂದ ಸಂಜೆ ರೇಡಿಯೋ ಕೇಳುತ್ತಾ ಹಾಕುತ್ತೇನೆ.

ಗೆರೆಯನ್ನೂ ನಾನೇ ಪ್ರಿಂಟ್ ಮಾಡಿಸುತ್ತೇನೆ. ಇಂಗ್ಲಿಷಿಗೆಂದು ಮಾಡಿದ ಹಾಳೆಗಳಲ್ಲಿ ಗೆರೆಗಳ ನಡುವೆ ಆರು ಮಿ.ಮೀ. ಅಥವಾ ಅದಕ್ಕೂ ಕಡಿಮೆ ಜಾಗ. ಅಲ್ಲಿ ‘ಅಚ್ಚುಕಟ್ಟು’ ಎಂದು ಬರೆದರೆ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳ ಮೇಲೆ ಕೂರುತ್ತವೆ. ಆರು ತಿಂಗಳು ಬಿಟ್ಟು ಓದಿದರೆ ನನ್ನ ಅಕ್ಷರ ನನಗೇ ತಿಳಿಯದು. ಒಂಬತ್ತು ಮಿ.ಮೀ. ಬಿಟ್ಟು ತಿಳಿ ಬೂದು ಬಣ್ಣದ ಗೆರೆ ಹಾಕಿಸಿದೆ. ಎಡಗಡೆ ರಿಂಗಿನ ಬದಿಗೆ ಎರಡು ಬೆರಳು ಖಾಲಿ ಬಿಡುತ್ತೇನೆ.

ಎ ಯಿಂದ ಝಡ್‌ವರೆಗಿನ ಟ್ಯಾಬ್‌ಗಳನ್ನು ಪೂರ್ತಿ ತೆಗೆದು ರಟ್ಟಿನಲ್ಲಿ ಏಳು ಟ್ಯಾಬ್ ಮಾಡಿಕೊಂಡಿದ್ದೇನೆ: ಸ್ವರಗಳಿಗೆ ಒಂದು, ಕ ಚ ಟ ತ ಪ ವರ್ಗಗಳಿಗೆ ಐದು, ಯ ಯಿಂದ ಳ ವರೆಗೆ ಒಂದು. ಊರಿನ ಹೆಸರು ಯಾವ ವರ್ಗದಲ್ಲಿ ಶುರುವಾಗುತ್ತದೋ ಹಾಳೆಯ ಸ್ಥಾನ ಅದು. ಒಂದನೇ ತರಗತಿಯಲ್ಲಿ ಬಾಯಿಪಾಠ ಮಾಡಿದ ಕ್ರಮ ಇದು, ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ.

ಇನ್ನು ಬರೆಯುವ ನಿಯಮ. ನನ್ನ ಇಡೀ ಪದ್ಧತಿ ನಿಂತಿರುವುದು ಇದರ ಮೇಲೆ. ಒಂದು ಹಾಳೆಗೆ ಒಂದೇ ವಿಷಯ, ಬರೆಯುವುದು ಒಂದೇ ಮಗ್ಗುಲಿಗೆ. ತೂಬಿನ ಬಗ್ಗೆ ಎರಡೇ ಸಾಲು ಸಿಕ್ಕಿದರೂ ಉಳಿದ ಜಾಗ ಖಾಲಿ ಇರಲಿ. ಕೋಡಿಯ ವಿಷಯಕ್ಕೆ ಬೇರೆ ಹಾಳೆ. ಎರಡು ವಿಷಯ ಒಂದೇ ಹಾಳೆಯಲ್ಲಿ ಸೇರಿದರೆ ಅದನ್ನು ಎರಡು ಕಡೆ ಇಡಲಾಗದು, ಅಲ್ಲಿಗೆ ರಿಂಗು ಇದ್ದೂ ಪ್ರಯೋಜನವಿಲ್ಲ. ಮೇಲಿನ ಬಲ ಮೂಲೆಯಲ್ಲಿ ಊರು, ಕೆರೆ, ವಿಷಯ. ಕೆಳಗೆ ತಾರೀಖು ಮತ್ತು ಮೂಲ: ನಾನೇ ಕಂಡದ್ದೋ, ಯಾರು ಹೇಳಿದ್ದೋ, ಯಾವ ಪುಸ್ತಕದ ಎಷ್ಟನೇ ಪುಟವೋ. ಈ ಕೆಳಗಿನ ಸಾಲಿಲ್ಲದ ಹಾಳೆ ನನ್ನ ಪ್ಲ್ಯಾನರ್‌ಗೆ ಸೇರುವುದಿಲ್ಲ. ಕೆರೆಯ ದಂಡೆಯಲ್ಲಿ ಪೆನ್ಸಿಲ್ ಮಾತ್ರ. ಮಳೆಹನಿ ಬಿದ್ದರೂ ಕಲೆಸುವುದಿಲ್ಲ.

ಲೇಖನ ಬರೆಯುವ ದಿನ ಊಟದ ಮೇಜು ಖಾಲಿ ಮಾಡುತ್ತೇನೆ. ಆ ಊರಿನ ಹಾಳೆಗಳನ್ನೆಲ್ಲ ಬಿಚ್ಚಿ ಹರಡಿ ನೋಡುತ್ತೇನೆ. ಊರವರು ಕೆರೆ ಕಟ್ಟಿಸಿದವರೆಂದು ಒಬ್ಬರ ಹೆಸರು ಹೇಳಿರುತ್ತಾರೆ, ಶಾಸನದಲ್ಲಿ ಇನ್ನೊಬ್ಬರ ಹೆಸರಿರುತ್ತದೆ. ಎರಡು ಹಾಳೆಗಳನ್ನೂ ಪಕ್ಕದಲ್ಲಿಟ್ಟಾಗ, ಒಬ್ಬರು ಮೊದಲು ಕಟ್ಟಿಸಿ ಇನ್ನೊಬ್ಬರು ಆಮೇಲೆ ಜೀರ್ಣೋದ್ಧಾರ ಮಾಡಿರಬಹುದೇ ಎಂಬ ಪ್ರಶ್ನೆ ಏಳುತ್ತದೆ. ಮತ್ತೆ ಆ ಊರಿಗೆ ಹೋಗಿ ಏರಿಯ ಕಲ್ಲುಕಟ್ಟಣೆಯಲ್ಲಿ ಎರಡು ಕಾಲದ ಕೆಲಸ ಕಾಣುತ್ತದೆಯೇ ಎಂದು ನೋಡುತ್ತೇನೆ. ನನ್ನ ಒಳ್ಳೆಯ ಬರಹಗಳೆಲ್ಲ ಹೀಗೆ ಹಾಳೆಗಳನ್ನು ಎತ್ತಿ ಎತ್ತಿ ಇಡುವಾಗಲೇ ಮೂಡಿವೆ. ಕಂಪ್ಯೂಟರ್ ಪರದೆಯಲ್ಲಿ ಹದಿನೈದು ಹಾಳೆ ಒಟ್ಟಿಗೆ ಕಣ್ಣಿಗೆ ಸಿಗುವುದಿಲ್ಲ. ಕ್ರಮ ಗಟ್ಟಿಯಾದ ಮೇಲೆ ಪ್ರತಿ ಹಾಳೆಯ ಅಡಿಯಲ್ಲಿ ಪೆನ್ಸಿಲ್‌ನಿಂದ ಅಂಕಿ ಹಾಕಿ, ಅದೇ ಕ್ರಮದಲ್ಲಿ ರಿಂಗಿಗೆ ಏರಿಸಿ, ಮೊದಲ ಕರಡು ಬರೆಯಲು ಕೂರುತ್ತೇನೆ. ಓಲೆಗರಿಯ ಕಟ್ಟುಗಳೂ ತೂತು ಹಾಕಿ ದಾರ ಪೋಣಿಸಿದ ಬಿಡಿ ಗರಿಗಳೇ. ದಾರ ಹರಿದರೂ ಕ್ರಮ ತಪ್ಪದಿರಲೆಂದು ಲಿಪಿಕಾರರು ಗರಿಗಳಿಗೆ ಅಂಕಿ ಹಾಕುತ್ತಿದ್ದರು. ಅವರ ಜಾಣ್ಮೆಗೆ ನನ್ನ ನಮಸ್ಕಾರ.

ದಿನಚರಿಯ ಭಾಗ ನನ್ನಲ್ಲಿ ತೆಳು. ವಾರಕ್ಕೆ ಒಂದು ಹಾಳೆ, ತಾರೀಖು ನಾನೇ ಬರೆಯುವುದು, ಪಕ್ಕದಲ್ಲಿ ಆಯಾ ಊರಿನ ಸಂತೆ, ಜಾತ್ರೆ. ಸಂತೆಯ ದಿನ ಹೋದರೆ ಮಾತಿಗೆ ಹಿರಿಯರು ಸಿಗುತ್ತಾರೆ.

ರಿಂಗುಗಳನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಕದ) ಕಾಗದ ನೂರು ಹಾಳೆ ಸೇರಿದರೆ ಸುಮಾರು ಒಂದು ಸೆಂಟಿಮೀಟರ್ ದಪ್ಪ. ತಿರುವಲು ಅಷ್ಟೇ ಜಾಗ ಬೇಕು. ತೆರೆಯುವಾಗ ಮೇಲೆ ಕೆಳಗೆ ಇರುವ ಎರಡೂ ತುದಿಗಳನ್ನು ಒತ್ತಿ. ರಿಂಗನ್ನೇ ಹಿಡಿದು ಎಳೆದರೆ ಬಾಯಿ ಕೂಡದೆ ಸಂದಿ ಉಳಿದು, ಪ್ರತಿ ಹಾಳೆಯ ತೂತನ್ನೂ ಹರಿಯುತ್ತದೆ.

ಚರ್ಮಕ್ಕೆ ನಮ್ಮ ಮಲೆನಾಡಿನ ಮಳೆಗಾಲವೇ ಪರೀಕ್ಷೆ. ಆಷಾಢದಲ್ಲಿ ಬೀರುವಿನೊಳಗೆ ಇಟ್ಟರೆ ಬೂಷ್ಟು ಹಿಡಿಯುವುದು ಖಂಡಿತ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಇನ್ನೂ ಕೆಟ್ಟದ್ದು, ತೇವ ಒಳಗೇ ಉಳಿಯುತ್ತದೆ. ದಿನವೂ ಬಳಸಿ, ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಗಾಳಿಯಾಡುವ ಕಪಾಟಿನಲ್ಲಿ ಇಡುತ್ತೇನೆ. ನೆನೆದರೆ ನೆರಳಲ್ಲಿ ಫ್ಯಾನಿನ ಕೆಳಗೆ ಒಣಗಲಿ. ಬಿಸಿಲು, ಒಲೆಯ ಹತ್ತಿರದ ಕಾವು ಎರಡೂ ಚರ್ಮವನ್ನು ಬಿರುಕು ಬಿಡಿಸುತ್ತವೆ. ತೆಂಗಿನೆಣ್ಣೆ ಬೇಡವೇ ಬೇಡ, ಎಣ್ಣೆ ಮೆಲ್ಲಗೆ ಕಾಗದಕ್ಕೂ ಇಳಿಯುತ್ತದೆ.

ಬಿಡಿ ಹಾಳೆ ಕಳೆದುಹೋಗುವ ಭಯ ನನಗೂ ಇದೆ. ಹಾಗಾಗಿ ವಾರಾಂತ್ಯಕ್ಕೆ ಹೊಸ ಹಾಳೆಗಳ ಫೋಟೋ ಮೊಬೈಲಿನಲ್ಲಿ ತೆಗೆದು ಊರಿನ ಹೆಸರಿನಲ್ಲಿ ಉಳಿಸುತ್ತೇನೆ. ವಿವರಗಳ ಇನ್ನೊಂದು ಪ್ರತಿ ಬೇರೆ ಕಡೆ ಇದ್ದರೆ ಎಷ್ಟು ಆಸರೆ ಎಂಬುದಕ್ಕೆ ಇಂಥ ರಿಂಗ್ ಪ್ಲ್ಯಾನರ್‌ಗಳ ಹೆಸರಾಂತ ಬ್ರ್ಯಾಂಡ್ ಫೈಲೊಫ್ಯಾಕ್ಸ್‌ನ ಕಥೆಯೇ ಉದಾಹರಣೆ. ಫೈಲೊಫ್ಯಾಕ್ಸ್ ಪ್ಲ್ಯಾನರ್‌ಗಳನ್ನು ಮಾರುತ್ತಿದ್ದ ಲಂಡನ್ನಿನ ನಾರ್ಮನ್ ಅಂಡ್ ಹಿಲ್ ಕಂಪನಿಯ ಕಚೇರಿ 1940ರಲ್ಲಿ ಬಾಂಬ್ ದಾಳಿಗೆ ಸಿಕ್ಕಿ ನಾಶವಾಯಿತು. ಅಲ್ಲಿದ್ದ ಗ್ರೇಸ್ ಸ್ಕರ್ ಎಂಬಾಕೆ ಗಿರಾಕಿಗಳ, ಸರಕು ಪೂರೈಸುವವರ ವಿವರಗಳನ್ನೆಲ್ಲ ತನ್ನ ಫೈಲೊಫ್ಯಾಕ್ಸ್‌ನಲ್ಲಿ ಬರೆದಿಟ್ಟುಕೊಂಡಿದ್ದರಿಂದ ಕಂಪನಿ ಮತ್ತೆ ಎದ್ದು ನಿಂತಿತು. ಲೇಖನ ಅಚ್ಚಾದ ಮೇಲೆ ಆ ಕೆರೆಯ ಹಾಳೆಗಳನ್ನು ಬಿಳಿ ದಾರದಲ್ಲಿ ಕಟ್ಟಿ, ಮೇಲೆ ಊರಿನ ಹೆಸರು ಬರೆದು ಪೆಟ್ಟಿಗೆಗೆ ಹಾಕುತ್ತೇನೆ. ನೆರೆಯ ಕೆರೆಗೂ ಸಂಬಂಧಿಸಿದ ಹಾಳೆಗಳಿದ್ದರೆ ಅವು ಮಾತ್ರ ತಮ್ಮ ವರ್ಗದ ಟ್ಯಾಬ್‌ಗೆ ವಾಪಸು. ಮೇಲಿನ ಕೆರೆ ಕೋಡಿ ಬಿದ್ದು ಕೆಳಗಿನ ಕೆರೆ ತುಂಬುವ ನಾಡು ನಮ್ಮದಾದ್ದರಿಂದ ಅಂಥ ಹಾಳೆಗಳು ಸದಾ ಇರುತ್ತವೆ.