ತೋಳಿನ ಚರ್ಮ ಸಡಿಲವಾಗಿದೆಯೇ? ಮಷಿನ್ ಹೆಸರು ಕೇಳುವ ಮೊದಲು ಚಿವುಟಿ ನೋಡಿ

‘ಯಾವ ಮಷಿನ್ ಐತ್ರಿ ನಿಮ್ಮಲ್ಲಿ?’

ತೋಳಿನ ಕೆಳಗೆ ಜೋತುಬಿದ್ದ ಚರ್ಮ ಬಿಗಿ ಮಾಡಿಸಿಕೊಳ್ಳಬೇಕು ಅಂತ ಬೆಳಗಾವಿಯ ಸ್ಕಿನ್ ಕ್ಲಿನಿಕ್‌ಗಳಿಗೆ ಫೋನ್ ಮಾಡುವವರು ಮೊದಲು ಕೇಳುವುದೇ ಇದನ್ನು. ಆರ್‌ಎಫ್ ಇದೆಯಾ, ಹೈಫು ಇದೆಯಾ, ಒಂದು ಸಿಟ್ಟಿಂಗ್‌ಗೆ ಎಷ್ಟು? ಎಲ್ಲ ರೀಲ್ಸ್ ಕಲಿಸಿಕೊಟ್ಟ ಪ್ರಶ್ನೆಗಳು. (ಆರ್‌ಎಫ್ ರೇಡಿಯೊ ಅಲೆಯಿಂದ, ಹೈಫು ಅಲ್ಟ್ರಾಸೌಂಡ್‌ನಿಂದ ಚರ್ಮದ ಒಳಗೆ ಬಿಸಿ ಕೊಡುವ ಮಷಿನ್.) ಮಷಿನ್ ಆರಿಸುವುದು ಮೂರನೇ ಕೆಲಸ. ಜೋತುಬಿದ್ದಿರುವುದು ಚರ್ಮವೋ, ಕೊಬ್ಬೋ, ಸೊರಗಿದ ಸ್ನಾಯುವೋ ಅಂತ ತಿಳಿಯದೆ ದುಡ್ಡು ಕಟ್ಟಿದರೆ ಎಷ್ಟೇ ಒಳ್ಳೆಯ ಮಷಿನ್ ಆದರೂ ಉಪಯೋಗವಿಲ್ಲ.

ಮೊದಲ ಹೆಜ್ಜೆ: ಕನ್ನಡಿ ಮುಂದೆ ಎರಡು ನಿಮಿಷ

ಕೈಯನ್ನು ಭುಜದ ಮಟ್ಟಕ್ಕೆ ಪಕ್ಕಕ್ಕೆ ಚಾಚಿ. ಭುಜಕ್ಕೂ ಮೊಣಕೈಗೂ ನಡುವೆ ಕೆಳಗಡೆ ಜೋತುಬಿದ್ದ ಭಾಗವನ್ನು ಇನ್ನೊಂದು ಕೈಯ ಹೆಬ್ಬೆರಳು, ತೋರುಬೆರಳಿನಿಂದ ಹಿಡಿಯಿರಿ. ಈಗ ಮೊಣಕೈ ನೇರ ಮಾಡಿ ತೋಳನ್ನು ಬಿಗಿ ಹಿಡಿಯಿರಿ. ಒಳಗೆ ಗಟ್ಟಿಯಾಗುವುದು ಸ್ನಾಯು. ಬೆರಳಿಗೆ ಸಿಕ್ಕಿದ್ದು ಚರ್ಮ ಮತ್ತು ಕೊಬ್ಬು.

ಸಿಕ್ಕಿದ್ದು ತೆಳ್ಳಗಿದೆಯೇ? ಮೇಲೆ ಸಣ್ಣ ಸಣ್ಣ ಸುಕ್ಕು ಬಿದ್ದು, ಬಿಟ್ಟ ಮೇಲೆ ನಿಧಾನವಾಗಿ ಜಾಗಕ್ಕೆ ಹೋಗುತ್ತದೆಯೇ? ಹಾಗಾದರೆ ಅದು ಚರ್ಮದ ಸಡಿಲ. ದಪ್ಪಗೆ ಬಂದು, ಮೇಲಿನ ಚರ್ಮ ಮಾತ್ರ ನುಣ್ಣಗೆ ಬಿಗಿಯಾಗಿದ್ದರೆ ಅದು ಕೊಬ್ಬು. ತೋಳು ಬಿಗಿ ಹಿಡಿದರೂ ಒಳಗೆ ಏನೂ ಗಟ್ಟಿ ಸಿಗದಿದ್ದರೆ ಸ್ನಾಯು ಸೊರಗಿದೆ. ಬಹಳ ಜನರಲ್ಲಿ ಮೂರೂ ಬೆರೆತಿರುತ್ತವೆ. ಯಾವುದು ಜಾಸ್ತಿ ಅನ್ನುವುದು ಗೊತ್ತಾದರೆ ಸಾಕು.

ಚರ್ಮ ಸಡಿಲವಾಗುವುದು ಯಾಕೆ? ಅದನ್ನು ಬಿಗಿಯಾಗಿ ಹಿಡಿದಿಡುವ ಕೊಲ್ಯಾಜೆನ್ ಎಂಬ ನಾರು ಇಪ್ಪತ್ತೈದು ದಾಟಿದ ಮೇಲೆ ವರ್ಷಕ್ಕೆ ಸುಮಾರು ಶೇ 1ರಷ್ಟು ಕಡಿಮೆಯಾಗುತ್ತ ಹೋಗುತ್ತದೆ. ಮುಟ್ಟು ನಿಂತ ಮೇಲಿನ ಮೊದಲ ಐದು ವರ್ಷದಲ್ಲಿ ಶೇ 30ರಷ್ಟು ಹೋಗುತ್ತದೆ ಅನ್ನುವ ಲೆಕ್ಕವಿದೆ. ಅದಕ್ಕೇ ಐವತ್ತರ ಹತ್ತಿರ ಇದು ಇದ್ದಕ್ಕಿದ್ದಂತೆ ಕಣ್ಣಿಗೆ ಬೀಳುವುದು. ಬಿಸಿಲು, ಬೀಡಿ–ಸಿಗರೇಟು ಇದನ್ನು ಇನ್ನಷ್ಟು ಬೇಗ ಮಾಡುತ್ತವೆ. ಬೇಗ ಬೇಗ ತೂಕ ಇಳಿಸಿದವರದು ಬೇರೆ ಕಥೆ. ತೂಕ ಇಳಿಸುವ ಮೌಂಜಾರೊ ಇಂಜೆಕ್ಷನ್ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂತು. ಅಂಥ ಔಷಧದಿಂದಲೋ ತೂಕ ಇಳಿಸಲು ಹೊಟ್ಟೆಗೆ ಮಾಡುವ ಬೇರಿಯಾಟ್ರಿಕ್ ಆಪರೇಷನ್‌ನಿಂದಲೋ ಕೊಬ್ಬು ಕರಗಿದಷ್ಟು ವೇಗದಲ್ಲಿ ಚರ್ಮ ಕುಗ್ಗುವುದಿಲ್ಲ. ತೂಕ ಇನ್ನೂ ಇಳಿಯುತ್ತಿದ್ದರೆ ಸದ್ಯಕ್ಕೆ ಸುಮ್ನಿರಿ. ಅದು ಒಂದು ಮಟ್ಟಕ್ಕೆ ಬಂದು ನಾಲ್ಕಾರು ತಿಂಗಳು ನಿಂತ ಮೇಲೆ ಚಿಕಿತ್ಸೆಯ ಯೋಚನೆ ಮಾಡಿ.

ಆಪರೇಷನ್ ಇಲ್ಲದೆ ಮಾಡುವ ಯಾವ ಚಿಕಿತ್ಸೆಯೂ ಹೆಚ್ಚಾದ ಚರ್ಮವನ್ನು ತೆಗೆದುಹಾಕುವುದಿಲ್ಲ. ಗುಳೇದಗುಡ್ಡದ ಖಣದ ಕುಪ್ಪಸ ಸಡಿಲಾಯಿತು ಅಂತ ಟೈಲರ್ ತೋಳಿಗೆ ಒಳಗಡೆ ಒಂದು ಹೊಲಿಗೆ ಹಾಕಿ ಕೊಡುತ್ತಾರಲ್ವಾ, ಇದು ಅಷ್ಟೇ. ಬಟ್ಟೆ ಕತ್ತರಿಸಿ ಹೊಸದಾಗಿ ಹೊಲಿಯುವುದು ಆಪರೇಷನ್. ಸ್ವಲ್ಪ ಅಥವಾ ಮಧ್ಯಮ ಸಡಿಲ ಇದ್ದವರಿಗೆ ಮಷಿನ್‌ನಿಂದ ಗುಣ ಕಾಣಬಹುದು. ಕೈ ಎತ್ತಿದರೆ ಚರ್ಮ ಉದ್ದಕ್ಕೆ ತೂಗಾಡುವವರಿಗೆ ಕಾಣುವುದು ಬಿಲ್ ಮಾತ್ರ.

ಎರಡನೇ ಹೆಜ್ಜೆ: ಈ ಚಿಕಿತ್ಸೆ ನಿಮಗೆ ಆಗುತ್ತದೆಯೇ?

ನಿಮ್ಮ ಎಡ ತೋಳಿನ ಮೇಲೆ ಬಿಸಿಜಿ ಲಸಿಕೆಯ ಗುರುತು ಇದ್ದರೆ ಮೊದಲು ಅದನ್ನು ಮುಟ್ಟಿ ನೋಡಿ. ಚಪ್ಪಟೆಯಾಗಿ ಬಿಳಿಚಿಕೊಂಡಿದ್ದರೆ ಚಿಂತೆಯಿಲ್ಲ. ಉಬ್ಬಿ, ಗಟ್ಟಿಯಾಗಿ, ಸುತ್ತಲೂ ಹರಡಿ, ಆಗಾಗ ತುರಿಸುತ್ತಿದ್ದರೆ ನಿಮ್ಮದು ಕೀಲಾಯ್ಡ್ ಆಗುವ, ಅಂದರೆ ಗಾಯದ ಕಲೆ ಉಬ್ಬಿ ಬೆಳೆಯುವ ಚರ್ಮ ಇರಬಹುದು. ಅಂಥವರು ಸೂಜಿ ಚುಚ್ಚುವ ಚಿಕಿತ್ಸೆಯಿಂದ ದೂರ ಇರುವುದೇ ಒಳ್ಳೆಯದು. ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟಾಗಿದ್ದರೂ ಡಾಕ್ಟರಿಗೆ ಹೇಳಿ.

ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಕಂಕುಳಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದಿದ್ದರೆ ಆ ಕಡೆಯ ತೋಳಿಗೆ ಇದ್ಯಾವುದೂ ಬೇಡ. ಆ ಕೈಗೆ ಬಾವು ಬರುವ ಅಪಾಯ ಮೊದಲೇ ಇರುತ್ತದೆ. ಬಿಸಿ, ಸೂಜಿ, ಸೋಂಕು ಮೂರೂ ಅದನ್ನು ಕೆಣಕುತ್ತವೆ. ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಮುಂದೆ ಹೋಗಬೇಡಿ.

ಪೇಸ್‌ಮೇಕರ್ ಇರುವವರಿಗೆ ಆರ್‌ಎಫ್ ಮಾಡುವುದಿಲ್ಲ. ತೋಳಿನ ಮೂಳೆ ಮುರಿದು ಪ್ಲೇಟು, ರಾಡು ಹಾಕಿದ್ದರೆ ಮೊದಲೇ ತಿಳಿಸಿ. ಗರ್ಭಿಣಿಯರು ಮುಂದೂಡಬೇಕು. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಗಾಯ ಮಾಯುವುದು ತಡ, ಹಾಗಾಗಿ ಮೊದಲು ಶುಗರ್ ನೋಡಿಕೊಳ್ಳಿ. ರಕ್ತ ತೆಳುವಾಗುವ ಮಾತ್ರೆ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಆದರೆ ಹೃದಯದ ಮಾತ್ರೆಯನ್ನು ಚಂದಕ್ಕೋಸ್ಕರ ನೀವಾಗೇ ನಿಲ್ಲಿಸಬೇಡಿ.

ಮೂರನೇ ಹೆಜ್ಜೆ: ಈಗ ಮಷಿನ್‌ಗಳ ವಿಷಯ

ಆರ್‌ಎಫ್ ಅಂದರೆ ರೇಡಿಯೊ ಅಲೆಗಳಿಂದ ಚರ್ಮದ ಒಳಪದರವನ್ನು ಬಿಸಿ ಮಾಡುವುದು. ಜೆಲ್ ಹಚ್ಚಿ ಹ್ಯಾಂಡ್‌ಪೀಸನ್ನು ತೋಳಿನ ಮೇಲೆ ಸುತ್ತ ಆಡಿಸುತ್ತಾರೆ. ಸಾಮಾನ್ಯವಾಗಿ ಚರ್ಮದ ಮೇಲ್ಭಾಗ 40ರಿಂದ 42 ಡಿಗ್ರಿಗೆ ಬರುವಂತೆ ನೋಡಿಕೊಂಡು ಕೆಲವು ನಿಮಿಷ ಹಾಗೇ ಇಡುತ್ತಾರೆ. ಬಿಸಿಗೆ ಹಳೆಯ ನಾರು ಸ್ವಲ್ಪ ಕುಗ್ಗುತ್ತದೆ, ಮುಂದಿನ ತಿಂಗಳುಗಳಲ್ಲಿ ಹೊಸದು ಹುಟ್ಟುತ್ತದೆ. ನೋವು ಕಡಿಮೆ, ಸ್ವಲ್ಪ ಹೊತ್ತು ಕೆಂಪಗಾಗಿ ಹೋಗುತ್ತದೆ, ಅದೇ ದಿನ ಕೆಲಸಕ್ಕೆ ಹೋಗಬಹುದು. ಫಲವೂ ಅಷ್ಟೇ ಮೆತ್ತಗೆ. ನಾಲ್ಕರಿಂದ ಆರು ಸಿಟ್ಟಿಂಗ್ ಬೇಕು. ಸಡಿಲ ಈಗಷ್ಟೇ ಶುರುವಾದವರಿಗೆ ಇದು ಸಾಕು.

ಹೈಫು ಅಲ್ಟ್ರಾಸೌಂಡ್ ಅಲೆಯನ್ನು ಒಂದೇ ಬಿಂದುವಿಗೆ ಒಟ್ಟುಗೂಡಿಸುತ್ತದೆ. ಮೇಲಿನ ಚರ್ಮ ಸುಡದೆ 1.5, 3 ಅಥವಾ 4.5 ಮಿಲಿಮೀಟರ್ ಆಳದಲ್ಲಿ ಸಣ್ಣ ಸಣ್ಣ ಚುಕ್ಕೆಗಳು 60 ಡಿಗ್ರಿ ದಾಟುತ್ತವೆ. ನೋವು ಆರ್‌ಎಫ್‌ಗಿಂತ ಜಾಸ್ತಿ, ಮೂಳೆ ಹತ್ತಿರ ಬಂದರಂತೂ ಜುಂ ಅನ್ನುತ್ತದೆ. ಒಂದೋ ಎರಡೋ ಸಿಟ್ಟಿಂಗ್ ಸಾಕು. ಈ ಬಗೆಯ ಮಷಿನ್‌ಗಳಲ್ಲಿ ಹೆಸರಾದ ಅಲ್ಥೆರಪಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಹುಬ್ಬಿಗೆ, 2012ರಲ್ಲಿ ಗದ್ದ–ಕುತ್ತಿಗೆಗೆ, 2014ರಲ್ಲಿ ಎದೆಯ ಮೇಲ್ಭಾಗಕ್ಕೆ ಅನುಮತಿ ಕೊಟ್ಟಿತು. ಆ ಅನುಮತಿಗಳು ಯಾವುವೂ ತೋಳಿಗಲ್ಲ, ನೋಡಿ. ಅನುಭವಿ ಡಾಕ್ಟರು ತೋಳಿಗೆ ಬಳಸುವುದು ತಪ್ಪೇನಲ್ಲ, ಆದರೆ ಮುಖದ ಫೋಟೊ ತೋರಿಸಿ ತೋಳಿನ ಪ್ಯಾಕೇಜ್ ಮಾರಿದರೆ ನಂಬಬೇಡಿ. ತೋಳಿನ ಒಳಭಾಗದಲ್ಲಿ, ಮೊಣಕೈ ಹತ್ತಿರ ನರಗಳು ಚರ್ಮಕ್ಕೆ ಸಮೀಪ ಇರುತ್ತವೆ. ಅಲ್ಲಿ ಯಾರ ಕೈ ಕೆಲಸ ಮಾಡುತ್ತಿದೆ ಅನ್ನುವುದು ಮುಖ್ಯ.

ಸೂಜಿ ಆರ್‌ಎಫ್‌ನಲ್ಲಿ ಸಣ್ಣ ಸೂಜಿಗಳ ಗುಚ್ಛ ಒಳಹೊಕ್ಕು, ಆಳದಲ್ಲೇ ಬಿಸಿ ಕೊಡುತ್ತದೆ. ಮೇಲೆ ಸುಕ್ಕು, ಒಳಗೆ ಸಡಿಲ ಎರಡೂ ಇದ್ದವರಿಗೆ ನನ್ನ ಮಟ್ಟಿಗೆ ಇದು ಉಳಿದವುಗಳಿಗಿಂತ ಮೇಲು. ಆದರೆ ಅಪಾಯವೂ ಇದರಲ್ಲೇ ಜಾಸ್ತಿ. ಸುಟ್ಟ ಗಾಯ, ಕಲೆ, ಕೊಬ್ಬು ಕರಗಿ ಗುಳಿ ಬೀಳುವುದು, ನರಕ್ಕೆ ಪೆಟ್ಟು, ಇಂಥ ದೂರುಗಳು ಬಂದಿದ್ದರಿಂದ 2025ರ ಅಕ್ಟೋಬರ್‌ನಲ್ಲಿ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ಇದು ವೈದ್ಯಕೀಯ ಚಿಕಿತ್ಸೆ. ಮನೆಯಲ್ಲೋ ಬ್ಯೂಟಿ ಪಾರ್ಲರ್‌ನಲ್ಲೋ ಮಾಡುವಂಥದ್ದಲ್ಲ.

ಲೇಸರ್? ನಮ್ಮ ಗೋಧಿ, ಎಣ್ಣೆಗೆಂಪು ಬಣ್ಣದ ಚರ್ಮ ಸ್ವಲ್ಪ ಸುಟ್ಟರೂ ಕಪ್ಪು ಕಲೆ ಉಳಿಸಿಕೊಳ್ಳುತ್ತದೆ. ತೋಳಿಗೆ ನಾನಂತೂ ಇದನ್ನು ಕೊನೆಗೆ ಇಡುತ್ತೇನೆ. ಆರ್‌ಎಫ್, ಹೈಫು ಚರ್ಮದ ಬಣ್ಣ ನೋಡುವುದಿಲ್ಲ, ಅದೇ ಅವುಗಳ ದೊಡ್ಡ ಅನುಕೂಲ.

ಕೊಬ್ಬನ್ನು ತಣ್ಣಗೆ ಮಾಡಿ ಕರಗಿಸುವ ಕ್ರಯೊಲಿಪೊಲಿಸಿಸ್ ಹೆಸರೇ ಹೇಳುವಂತೆ ಕೊಬ್ಬಿಗೆ. ಚರ್ಮ ಮೊದಲೇ ಸಡಿಲ ಇದ್ದರೆ, ಒಳಗಿನ ಕೊಬ್ಬು ಹೋದ ಮೇಲೆ ಇನ್ನಷ್ಟು ಜೋತುಬೀಳಬಹುದು. ಅಪರೂಪಕ್ಕೆ ಕೊಬ್ಬು ಕರಗುವ ಬದಲು ಬೆಳೆದು ಗಟ್ಟಿಯಾಗುವುದೂ ಉಂಟು. ಕೊಬ್ಬು ಕರಗಿಸುವ ಡಿಆಕ್ಸಿಕೋಲಿಕ್ ಆಮ್ಲದ ಇಂಜೆಕ್ಷನ್‌ಗೆ 2015ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು ಗದ್ದದ ಕೆಳಗಿನ ಕೊಬ್ಬಿಗೆ. ಹೆಸರಿಲ್ಲದ ಬಾಟಲಿಯಿಂದ ತೋಳಿಗೆ ಚುಚ್ಚುತ್ತೇವೆ ಅಂದರೆ ಎದ್ದು ಬನ್ನಿ. ಕೊಲ್ಯಾಜೆನ್ ಬೆಳೆಸುವ ಇಂಜೆಕ್ಷನ್‌ಗಳು ಬೇರೆ. ಅವು ತೆಳ್ಳಗಿನ ಸುಕ್ಕು ಚರ್ಮಕ್ಕೆ ಸಹಾಯ ಮಾಡುತ್ತವೆ, ಆದರೆ ದುಬಾರಿ. ಕ್ರೀಮಿನಿಂದ ಚರ್ಮ ನುಣುಪಾಗುತ್ತದೆ, ಮೇಲಕ್ಕೆ ಏಳುವುದಿಲ್ಲ.

ಇನ್ನು ಸ್ನಾಯು ಸೊರಗಿದವರು. ನಿಮಗೆ ಮಷಿನ್ನೇ ಬೇಡ. ತೋಳಿನ ದಪ್ಪದಲ್ಲಿ ಮೂರರಲ್ಲಿ ಎರಡು ಪಾಲು ಹಿಂಬದಿಯ ಟ್ರೈಸೆಪ್ಸ್ ಸ್ನಾಯುವಿನದೇ. ಒಂದು ಲೀಟರ್ ನೀರಿನ ಬಾಟಲಿ ಹಿಡಿದು ತಲೆಯ ಹಿಂದಿನಿಂದ ಮೇಲಕ್ಕೆ ಎತ್ತುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ವಾರಕ್ಕೆ ಮೂರು ದಿನ, ಮೂರು ತಿಂಗಳು. ರೊಟ್ಟಿಯ ಜೊತೆ ಹೆಸರುಕಾಳು, ಮೊಸರು, ತಿನ್ನುವವರಾದರೆ ತತ್ತಿ ಜಾಸ್ತಿ ಮಾಡಿ. ಮಷಿನ್ ಮಾಡಿಸುವವರಿಗೂ ಇದು ಬೇಕು.

ನಾಲ್ಕನೇ ಹೆಜ್ಜೆ: ಯಾರ ಹತ್ತಿರ ಹೋಗಬೇಕು?

ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಮಾಡಿದವರು, ಇಲ್ಲವೇ ಪ್ಲಾಸ್ಟಿಕ್ ಸರ್ಜನ್. ಬೋರ್ಡಿನ ಮೇಲೆ ಬರೀ ‘ಕಾಸ್ಮೆಟಾಲಜಿಸ್ಟ್’ ಅಂತ ಇದ್ದರೆ ಮೂಲ ಡಿಗ್ರಿ ಯಾವುದು ಅಂತ ಕೇಳಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯ ಪ್ರಕಾರ ಖಾಸಗಿ ಕ್ಲಿನಿಕ್‌ಗಳು ನೋಂದಣಿ ಪತ್ರವನ್ನು ಎದುರಿಗೇ ತೂಗುಹಾಕಬೇಕು.

ಮೊದಲ ಅಭಿಪ್ರಾಯಕ್ಕೆ ಮಷಿನ್ ಮಾರುವ ಜಾಗಕ್ಕೇ ಹೋಗಬೇಕು ಅಂತಿಲ್ಲ. ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್‌ಇ, ವಿಜಯಪುರದಲ್ಲಿ ಬಿಎಲ್‌ಡಿಇ, ಬಾಗಲಕೋಟೆಯಲ್ಲಿ ಬಿವಿವಿ ಸಂಘದ ವೈದ್ಯಕೀಯ ಕಾಲೇಜು, ಎಲ್ಲ ಕಡೆ ಚರ್ಮದ ವಿಭಾಗ ಇದೆ. ಚೀಟಿ ಮಾಡಿಸಿ ತೋಳು ತೋರಿಸಿ. ‘ಇದು ಚರ್ಮಾ ಏನ್ರಿ ಸರ, ಕೊಬ್ಬಾ?’ ಅಂತ ಕೇಳಿದರೆ ಪ್ಯಾಕೇಜಿನ ಮಾತಿಲ್ಲದ ಉತ್ತರ ಸಿಗುತ್ತದೆ.

ಚಿಕಿತ್ಸೆ ಕೊಡುವವರನ್ನು ಕೇಳಬೇಕಾದ್ದು ಇಷ್ಟು. ಹ್ಯಾಂಡ್‌ಪೀಸ್ ಹಿಡಿಯುವವರು ಯಾರು, ಡಾಕ್ಟರೋ ಸಹಾಯಕರೋ? ನನ್ನಂಥದೇ ಬಣ್ಣದವರ ತೋಳಿನ ಫೋಟೊ, ಆರು ತಿಂಗಳ ನಂತರದ್ದು, ಇದೆಯೇ? ಸುಟ್ಟರೆ ಯಾರು ನೋಡುತ್ತಾರೆ, ಎಷ್ಟು ಹೊತ್ತಿಗೆ ಸಿಗುತ್ತಾರೆ?

ಐದನೇ ಹೆಜ್ಜೆ: ದುಡ್ಡು ಮತ್ತು ಪಂಚಾಂಗ

ಆರ್‌ಎಫ್‌ಗೆ ಸಿಟ್ಟಿಂಗ್ ಲೆಕ್ಕ, ಹೈಫುಗೆ ಶಾಟ್ ಅಥವಾ ಲೈನ್ (ಮಷಿನ್ ಎಷ್ಟು ಸಲ ಅಲೆ ಬಿಡುತ್ತದೆ ಅನ್ನುವ) ಲೆಕ್ಕ, ಸೂಜಿ ಆರ್‌ಎಫ್‌ಗೆ ಸಿಟ್ಟಿಂಗ್ ಜೊತೆಗೆ ಸೂಜಿ ತುದಿಯ ಬೆಲೆ. ಹಾಗಾಗಿ ‘ಒಂದಕ್ಕೆ ಎಷ್ಟು’ ಅಂತ ಹೋಲಿಸಿದರೆ ಮೋಸಹೋಗುತ್ತೀರಿ. ಎರಡೂ ತೋಳಿಗೆ, ಕೊನೆಯ ಸಿಟ್ಟಿಂಗ್ ಮುಗಿಯುವ ತನಕ, ಜಿಎಸ್‌ಟಿ ಸೇರಿ ಎಷ್ಟು ಅಂತ ಬರೆಸಿಕೊಳ್ಳಿ. ಚಂದಕ್ಕಾಗಿ ಮಾಡುವ ಚಿಕಿತ್ಸೆಗೆ ಆರೋಗ್ಯ ಸೇವೆಯ ತೆರಿಗೆ ವಿನಾಯಿತಿ ಇಲ್ಲ, ವಿಮೆಯೂ ಬರುವುದಿಲ್ಲ. ಇಂಡಿಯಿಂದಲೋ ಜಮಖಂಡಿಯಿಂದಲೋ ಸೊಲ್ಲಾಪುರ, ಕೊಲ್ಹಾಪುರ, ಹುಬ್ಬಳ್ಳಿಗೆ ಆರು ಸಲ ಓಡಾಡುವ ಖರ್ಚನ್ನೂ ಕೂಡಿಸಿ. ಒಮ್ಮೆಗೆ ಮುಗಿಯುವ ದುಬಾರಿ ಚಿಕಿತ್ಸೆಯೇ ಅಗ್ಗ ಬೀಳಬಹುದು.

ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ವೈಶಾಖದ ಮದುವೆಗೆ ಫಾಲ್ಗುಣದಲ್ಲಿ ಶುರು ಮಾಡಿದರೆ ಏನೂ ಕಾಣುವುದಿಲ್ಲ. ದೀಪಾವಳಿ ಮುಗಿದ ಕೂಡಲೇ ಆರಂಭಿಸಿ. ವಿಜಯಪುರದ ಬೇಸಿಗೆಯಲ್ಲಿ, 40 ಡಿಗ್ರಿ ಬಿಸಿಲಲ್ಲಿ, ಸೂಜಿ ಚಿಕಿತ್ಸೆ ಬೇಡವೇ ಬೇಡ.

ಆರನೇ ಹೆಜ್ಜೆ: ಆ ದಿನ, ಆಮೇಲೆ

ಹೋಗುವ ಮೊದಲು ಎರಡೂ ತೋಳಿನ ಫೋಟೊ ತೆಗೆಸಿಕೊಳ್ಳಿ. ಒಂದೇ ಜಾಗ, ಒಂದೇ ಬೆಳಕು, ಕೈ ಭುಜದ ಮಟ್ಟಕ್ಕೆ. ಟೇಪಿನಿಂದ ತೋಳಿನ ನಡುಭಾಗದ ಸುತ್ತಳತೆ ಬರೆದಿಡಿ. ಕ್ಲಿನಿಕ್‌ನವರ ಫೋಟೊದಲ್ಲಿ ಬೆಳಕು ಬದಲಾಗಿಬಿಡುತ್ತದೆ.

ಸೂಜಿ ಆರ್‌ಎಫ್ ಆದರೆ ಮೊದಲು ಮರಗಟ್ಟುವ ಕ್ರೀಮ್ ಹಚ್ಚಿ ಮುಕ್ಕಾಲು ಗಂಟೆ, ಒಂದು ಗಂಟೆ ಕೂರಿಸುತ್ತಾರೆ. ಅದನ್ನು ಮನೆಯಲ್ಲೇ ದಪ್ಪಗೆ ಮೆತ್ತಿ ಪ್ಲಾಸ್ಟಿಕ್ ಸುತ್ತಿಕೊಂಡು ಹೋಗಬೇಡಿ. ಹೆಚ್ಚು ಜಾಗದಿಂದ ಔಷಧ ರಕ್ತಕ್ಕೆ ಸೇರಿದರೆ ಅಪಾಯ. ಸೂಜಿ ತುದಿಯ ಪ್ಯಾಕೆಟ್ಟನ್ನು ನಿಮ್ಮ ಕಣ್ಣೆದುರೇ ಒಡೆಯಲಿ. ‘ಇದು ಹೊಸದಾ, ತೋರಿಸ್ರಿ’ ಅಂದರೆ ಒಳ್ಳೆಯ ಕ್ಲಿನಿಕ್‌ನವರು ಬೇಜಾರು ಮಾಡಿಕೊಳ್ಳುವುದಿಲ್ಲ. ನಡುವೆ ಒಂದೇ ಕಡೆ ತಡೆಯಲಾರದಷ್ಟು ಉರಿದರೆ ತಕ್ಷಣ ನಿಲ್ಲಿಸಲು ಹೇಳಿ. ಸಹಿಸಿಕೊಂಡರೆ ಫಲ ಜಾಸ್ತಿ ಅನ್ನುವುದು ಸುಳ್ಳು.

ಆಮೇಲೆ ಕೆಂಪು, ಸ್ವಲ್ಪ ಬಾವು ಸಹಜ. ಸೂಜಿ ಆರ್‌ಎಫ್‌ನಲ್ಲಿ ಕೆಲವು ದಿನ ಚುಕ್ಕೆ ಗುರುತು ಇರುತ್ತದೆ. ಅರಿಶಿನ, ನಿಂಬೆ ಹಚ್ಚಬೇಡಿ. ಬಿಗಿ ತೋಳಿನ ಕುಪ್ಪಸ ಒಂದು ವಾರ ಬೇಡ. ಎಸ್‌ಪಿಎಫ್ 30 ಅಥವಾ ಮೇಲಿನ ಸನ್‌ಸ್ಕ್ರೀನ್ ಹಚ್ಚಿ, ಮೇಲೆ ಬಟ್ಟೆ ಹಾಕಿ. ನಮ್ಮ ಕಡೆ ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ಉದ್ದ ತೋಳಿನ ಅಂಗಿ ತೊಡುತ್ತಾರಲ್ಲ, ಅದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ. ಗುಳ್ಳೆ, ಕೀವು, ಜ್ವರ, ಬೆರಳು ಜೋಮು ಹಿಡಿಯುವುದು, ಕೈ ಬಲ ಕಡಿಮೆಯಾಗುವುದು ಕಂಡರೆ ಕಾಯಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ.

ಆರು ತಿಂಗಳಾದ ಮೇಲೆ ಅದೇ ಜಾಗದಲ್ಲಿ ನಿಂತು ಮತ್ತೊಂದು ಫೋಟೊ ತೆಗೆಸಿ, ಹಳೆಯದರ ಪಕ್ಕ ಇಟ್ಟು ನೋಡಿ. ಬದಲಾವಣೆ ಕಂಡರೆ ವರ್ಷ, ಒಂದೂವರೆ ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕಾಗುತ್ತದೆ, ಆ ಖರ್ಚಿಗೆ ಸಿದ್ಧರಿರಿ. ಕಾಣದಿದ್ದರೆ ‘ಇನ್ನೊಂದು ಪ್ಯಾಕೇಜ್ ತಗೊಳ್ರಿ ಅಕ್ಕಾರ, ಈ ಸಲ ಖಂಡಿತ’ ಅನ್ನುವ ಮಾತಿಗೆ ತಲೆಯಾಡಿಸಬೇಡಿ. ಅದೇ ದುಡ್ಡು ಹಿಡಿದು ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗಿ ಬ್ರೇಕಿಯೊಪ್ಲಾಸ್ಟಿ, ಅಂದರೆ ತೋಳಿನ ಹೆಚ್ಚಾದ ಚರ್ಮ ಕತ್ತರಿಸಿ ತೆಗೆಯುವ ಆಪರೇಷನ್ ಬಗ್ಗೆ ಕೇಳಿ. ತೋಳಿನ ಒಳಬದಿಯಲ್ಲಿ ಕಂಕುಳಿನಿಂದ ಮೊಣಕೈ ಕಡೆಗೆ ಉದ್ದ ಗೆರೆ ಉಳಿಯುತ್ತದೆ. ಆ ಗೆರೆ ನಿಮಗೆ ಒಪ್ಪಿಗೆಯೋ ಇಲ್ಲವೋ ಅನ್ನುವುದನ್ನು ಅವರ ಎದುರು ಕೂತೇ ಮಾತಾಡಿ ತೀರ್ಮಾನಿಸಿ.