ದರಕಿನ ಮಣ್ಣಿನಿಂದ ಚಿನ್ನದ ಕಣ: ಕೊನೆಗೂ ಕೆಂಪಾಯಿತು

ಕರಗಿದ ಚಿನ್ನವನ್ನು ಕೆಂಪು ಬಣ್ಣದ ನ್ಯಾನೋಕಣ ಮಾಡಲು ಸಾಮಾನ್ಯವಾಗಿ ಬಳಸುವ ಸಿಟ್ರೇಟ್ ಬದಲು, ಶಿರಸಿಯ ಸೊಪ್ಪಿನ ಬೆಟ್ಟದ ದರಕು (ಒಣ ಎಲೆ) ಕೊಳೆತು ಮಣ್ಣಲ್ಲಿ ಉಳಿಯುವ ಕಂದು ಹ್ಯೂಮಿಕ್ ಆಮ್ಲ ಸಾಕು ಎಂದಾಗ, "ಅದು ಹ್ಯೂಮಿಕ್‌ನದೇ ಬಣ್ಣ ಮಾರಾಯ್ರೆ" ಎಂದವರೇ ಹೆಚ್ಚು. ಈಗ ಬೆಳಕು ಹೀರುವಿಕೆಯ ಗೆರೆಯಲ್ಲಿ 530 ನ್ಯಾನೋಮೀಟರ್ ಆಸುಪಾಸಿನಲ್ಲಿ ಶಿಖರ ಎದ್ದಿದೆ, ಅದು ಚಿನ್ನದ ಕಣದ ಗುರುತು. ಅದೇ ಪಿಎಚ್‌ನ, ಹ್ಯೂಮಿಕ್ ಇಲ್ಲದ ಬಾಟಲಿ ಬಣ್ಣ ಕಟ್ಟಲೇ ಇಲ್ಲ.

ಗೋಲ್ಡ್ ಕ್ಲೋರೈಡ್ ಸೀಸೆ ಕೊಳ್ಳಲಿಲ್ಲ. ಅಕ್ಕಸಾಲಿಗರಿಂದ ತಂದ ಅರ್ಧ ಗ್ರಾಂ 24 ಕ್ಯಾರೆಟ್ ತಗಡನ್ನು ಫ್ಯೂಮ್ ಹುಡ್‌ನಲ್ಲಿ ರಾಜದ್ರಾವಕಕ್ಕೆ (ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ) ಹಾಕಿ ಕರಗಿಸಿದೆ. ನೈಟ್ರಿಕ್ ಉಳಿದರೆ ಮುಂದಿನದೆಲ್ಲ ಹಾಳು. ಹೈಡ್ರೋಕ್ಲೋರಿಕ್ ಹಾಕುತ್ತ ಮೂರು ಸಲ ಬತ್ತಿಸಬೇಕು. ಪೂರ್ತಿ ಒಣಗಿಸಿ ಕಾಯಿಸಿದರೆ ಚಿನ್ನ ತಳಕ್ಕೆ ಹತ್ತುತ್ತದೆ, ಒಂದು ಸಲ ಹತ್ತಿತು. ಕೊನೆಗೆ 25 ಮಿಲೀ ಮಾಡಿದರೆ ಹತ್ತಿರಹತ್ತಿರ 100 ಮಿಲಿಮೋಲಾರ್. 100 ಮಿಲೀ ಪ್ರಯೋಗಕ್ಕೆ ಇದರ 0.1 ಮಿಲೀ ಸಾಕು, ಅಂದರೆ 2 ಮಿಗ್ರಾಂ ಚಿನ್ನ.

ಸೋತದ್ದೆಲ್ಲ ಮಣ್ಣಿನ ಹಂತದಲ್ಲೇ. ನಮ್ಮ ಕೆಂಪು ಮಣ್ಣಿನ ಕಬ್ಬಿಣ ಫೆರಸ್ ರೂಪದಲ್ಲಿ ಬಂದರೆ ಕರಗಿದ ಚಿನ್ನವನ್ನು ತಾನೇ ಲೋಹವಾಗಿಸಿಬಿಡುತ್ತದೆ. ಆಗ ಅದು ಹ್ಯೂಮಿಕ್ ಕೆಲಸ ಎನ್ನುವಂತಿಲ್ಲ. ಹಾಗಾಗಿ ಮೊದಲು ದುರ್ಬಲ ಆಮ್ಲದ ತೊಳೆತ. ಆಮೇಲೆ 20 ಗ್ರಾಂ ಮಣ್ಣಿಗೆ 200 ಮಿಲೀ 0.1 ಮೋಲಾರ್ ಕಾಸ್ಟಿಕ್ ಸೋಡಾ ದ್ರಾವಣ, ಒಂದು ದಿನ. ಹ್ಯೂಮಿಕ್ ಅದರಲ್ಲಿ ಕರಗಿ ಬರುತ್ತದೆ. ಬಾಟಲಿಯಲ್ಲಿ ಗಾಳಿ ಉಳಿದಾಗ ಹ್ಯೂಮಿಕ್ ಕ್ಷಾರದಲ್ಲೇ ಉತ್ಕರ್ಷಣೆಗೊಂಡು ಸಪ್ಪೆಯಾಯಿತು. ಸಾರಜನಕದ ಸಿಲಿಂಡರ್‌ಗೆ ದುಡ್ಡಿಲ್ಲದವರು ಕುದಿಸಿ ಆರಿಸಿದ ನೀರಲ್ಲೇ ಕಾಸ್ಟಿಕ್ ಕರಗಿಸಿ, ಗಾಳಿ ಉಳಿಯದಂತೆ ಬಾಟಲಿಯ ಬಾಯಿತನಕ ತುಂಬಿ ಮುಚ್ಚಿ. ತಿಳಿಯನ್ನು ಪಿಎಚ್ 1ಕ್ಕೆ ಇಳಿಸಿದರೆ ಹ್ಯೂಮಿಕ್ ಕಾಫಿ ಗಸಿಯಂತೆ ಕೂರುತ್ತದೆ.

ಚಿನ್ನದ ಜೊತೆ ಲೀಟರಿಗೆ 50 ಮಿಗ್ರಾಂ ಈ ಹ್ಯೂಮಿಕ್, ಪಿಎಚ್ 8ರ ಹತ್ತಿರ, 80 ಡಿಗ್ರಿ. ಮೊದಲು ಬೂದು, ಆಮೇಲೆ ನೇರಳೆ, ಸುಮಾರು ಎರಡು ತಾಸಿಗೆ ಕೋಕಂ ಪಾನಕದ ಬಣ್ಣ. ಹ್ಯೂಮಿಕ್ ಜಾಸ್ತಿ ಸುರಿದರೆ ಕಂದಿನಲ್ಲಿ ಕೆಂಪು ಮುಳುಗುತ್ತದೆ. ಯಾವುದನ್ನು ಯಾವುದಕ್ಕೆ, ಎಷ್ಟು ನಿಧಾನಕ್ಕೆ ಸುರಿಯಬೇಕು ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಬಿಸಿ ಮಾಡದೆ ಬಿಸಿಲಿಗಿಟ್ಟ ಬಾಟಲಿಯೂ ಬಣ್ಣ ಕಟ್ಟಿತು. ಕತ್ತಲೆಯದು ದಿನಗಟ್ಟಲೆ ತಡ. ಕಾಡಿನ ತೊರೆಯಲ್ಲೂ ಕರಗಿದ ಚಿನ್ನ ಹೀಗೇ ಕಣವಾಗಬಲ್ಲದು.

ಕಾಳಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕೆಸರಿನ ಹ್ಯೂಮಿಕ್ಕನ್ನೂ ನೋಡಿದೆ. ಕೊಳೆತ ಮೊಟ್ಟೆಯ ವಾಸನೆ ಇರುವವರೆಗೆ ಬರೀ ಕಪ್ಪು ಗಷ್ಟು, ಸಲ್ಫೈಡ್ ಆಟ. ಆಮ್ಲ ಹಾಕಿ ಅದನ್ನು ಬಯಲಲ್ಲೇ ಓಡಿಸಿ. ತೊಳೆದ ಮೇಲೆ ಉಪ್ಪು ಹೋಗಿದೆಯೇ ಎಂದು ಸಿಲ್ವರ್ ನೈಟ್ರೇಟ್ ಹನಿ ಹೇಳುತ್ತದೆ. ಆಮೇಲೆ ಬಂದ ಕೆಂಪಿಗೆ ಕಾರವಾರದ ಸಮುದ್ರದ ನೀರನ್ನು ತೆಳ್ಳಗೆ ಮಾಡಿ ಬೆರೆಸಿದೆ: ಸಿಟ್ರೇಟ್‌ನದು ತಕ್ಷಣ ನೀಲಿ (ಕಣಗಳು ಒಂದಕ್ಕೊಂದು ಅಂಟಿದ ಗುರುತು), ಹ್ಯೂಮಿಕ್‌ನದು ಮರುದಿನವೂ ಕೆಂಪೇ.