ನೀರಿನ ದಾರಿ ಹಿಡಿದು ನಿಮ್ಮ ಮನೆ ಒಮ್ಮೆ ಸುತ್ತಿ

ಮಂಡ್ಯ ತಾಲ್ಲೂಕಿನ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ಮನೆ ಮನೆ ಸುತ್ತುವುದು ನನ್ನ ಕೆಲಸ. ಕೈಯಲ್ಲಿ ಒಂದು ಟಾರ್ಚು, ಒಂದು ಬಿಳಿ ಬಟ್ಟಲು. "ಮನೇಲಿ ಒಬ್ಬರಲ್ಲ ಒಬ್ಬರಿಗೆ ಹುಷಾರಿಲ್ಲ, ಏನಂತ ನೋಡಿ ಮೇಡಂ" ಎಂದು ಯಾರಾದರೂ ಕರೆದರೆ, ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಕಡೆ ಹೋಗುತ್ತದೆ ಅಂತ ಮೊದಲು ನೋಡುತ್ತೇನೆ.

ಇದನ್ನು ನಮ್ಮ ಮನೆಯೇ ಕಲಿಸಿತು. ಆಗ ಬಾಡಿಗೆ ಮನೆಯಲ್ಲಿದ್ದೆವು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟು ಎರಡು ವಾರವಾಗಿತ್ತು, ಮಗಳಿಗೆ ವಾಂತಿ ಭೇದಿ ಶುರುವಾಯಿತು. ಸಂಪಿನ ನೀರು ನೋಡಿದರೆ ತಿಳಿಯಾಗಿಯೇ ಇತ್ತು, ವಾಸನೆಯೂ ಇಲ್ಲ. ಸುಮ್ನೆ ಅನುಮಾನಕ್ಕೆ ನೀರು ಪರೀಕ್ಷೆಯ ಪುಟ್ಟ ಬಾಟಲಿಯಲ್ಲಿ ತುಂಬಿಸಿ ಕಪಾಟಿನಲ್ಲಿಟ್ಟೆ. ಮಾರನೇ ದಿನ ಸಂಜೆಗೆ ಅದು ಶಾಯಿಯ ಥರ ಕಪ್ಪಾಗಿತ್ತು. ಮಲದ ಬ್ಯಾಕ್ಟೀರಿಯಾ ಸೇರಿದ ನೀರು ಆ ಬಾಟಲಿಯಲ್ಲಿ ಹಾಗೆ ಕಪ್ಪಾಗುತ್ತದೆ. ಶೌಚದ ಗುಂಡಿ ಸಂಪಿಗೆ ಆರೇಳು ಹೆಜ್ಜೆ ದೂರ. ನಾಲೆ ಹರಿಯುವಾಗ ಸುತ್ತಲಿನ ನೆಲದಲ್ಲಿ ನೀರು ಮೇಲೇರುತ್ತದೆ. ಗುಂಡಿಯ ನೀರು ಮಣ್ಣಿನಲ್ಲೇ ಹರಡಿ, ಸಂಪಿನ ಗೋಡೆಯ ಬಿರುಕಿನಿಂದ ಒಳಗೆ ಇಳಿದಿತ್ತು.

ನಿಮ್ಮ ಸಂಪನ್ನು ಪರೀಕ್ಷೆ ಮಾಡಲು ದುಡ್ಡು ಬೇಕಿಲ್ಲ. ರಾತ್ರಿ ಅರ್ಧಕ್ಕಿಂತ ಕಡಿಮೆ ನೀರು ಉಳಿಸಿ, ಒಳಬರುವ ನಲ್ಲಿ ನಿಲ್ಲಿಸಿ, ಮೋಟಾರ್ ಹಾಕಬೇಡಿ. ಉದ್ದನೆ ಕೋಲು ಇಳಿಸಿ ಒದ್ದೆಯಾದ ಕಡೆ ಗುರುತು ಹಾಕಿ. ಬೆಳಗ್ಗೆ ಮತ್ತೆ ಇಳಿಸಿ ನೋಡಿ. ನೀರು ಏರಿದ್ದರೆ ಹೊರಗಿನದು ಒಳಗೆ ಬರುತ್ತಿದೆ ಅಂತಲೇ ಅರ್ಥ. ನಾಲೆ ಹರಿಯುವ ತಿಂಗಳಲ್ಲೇ ಇದನ್ನು ಮಾಡಿ, ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ. ಬಿರುಕು ಮುಚ್ಚಿಸುವ ತನಕ ಕುಡಿಯುವ ನೀರು ಕುದಿಸಿಯೇ ಕುಡಿಯಿರಿ. ಸಂಪಿನೊಳಗೆ ಒಬ್ಬರೇ ಇಳಿಯಬೇಡಿ, ದಯವಿಟ್ಟು. ಮುಚ್ಚಿಟ್ಟ ಸಂಪಿನಲ್ಲಿ ಉಸಿರಾಡಲು ಗಾಳಿಯೇ ಇರದೆ ಹೋಗಬಹುದು. ಶೌಚದ ಗುಂಡಿಗಂತೂ ಯಾರನ್ನೂ ಇಳಿಸಬಾರದು, ಅದು ಕಾನೂನಿಗೂ ವಿರುದ್ಧ.

ನೀರಿಗೆ ಬ್ಲೀಚಿಂಗ್ ಪೌಡರ್ ಹಾಕುವಾಗ ಸಾವಿರ ಲೀಟರಿಗೆ 2.5 ಗ್ರಾಂ ಸಾಕು. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂರಲಿ, ಮೇಲಿನ ತಿಳಿಯನ್ನಷ್ಟೇ ಸುರಿಯಿರಿ. ಒಂದು ಗಂಟೆ ಬಿಟ್ಟು ಬಳಸಿ. ಡಬ್ಬ ತೆರೆದೇ ಇಟ್ಟ ಹಳೇ ಪೌಡರಿನಲ್ಲಿ ಶಕ್ತಿ ಇರುವುದಿಲ್ಲ. ಬಚ್ಚಲು ತೊಳೆಯುವಾಗ ಇದಕ್ಕೆ ಆಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಶ್ವಾಸಕೋಶ ಸುಡುತ್ತದೆ. ಇನ್ನೊಂದು ಮಾತು. ಬೋರ್‌ವೆಲ್ ನೀರಿನ ಫ್ಲೋರೈಡ್, ನೈಟ್ರೇಟ್ ಎರಡೂ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಜಾಸ್ತಿಯಾಗುತ್ತವೆ. ಅದಕ್ಕೆ ಲ್ಯಾಬ್ ಪರೀಕ್ಷೆಯೇ ಬೇಕು.

ಈಗ ನನ್ನ ಬಿಳಿ ಬಟ್ಟಲಿನ ಕೆಲಸ. ತೊಟ್ಟಿಯ ನೀರನ್ನು ಅದರಲ್ಲಿ ಮೊಗೆದು ಬಿಸಿಲಿಗೆ ಹಿಡಿಯಿರಿ. ದಾರದ ತುಂಡಿನಂಥ ಹುಳು ಡೊಂಕಾಗಿ ಕುಣಿಯುತ್ತಾ, ಬಟ್ಟಲು ಅಲುಗಿದರೆ ಸರ್ರನೆ ತಳಕ್ಕೆ ಇಳಿಯುತ್ತದೆ. ಅದೇ ಸೊಳ್ಳೆ ಮರಿ. ಡೆಂಗಿ ಸೊಳ್ಳೆಗೆ ಕೊಳಚೆ ಬೇಡ, ನಾವು ಹಿಡಿದಿಟ್ಟ ಶುದ್ಧ ನೀರೇ ಇಷ್ಟ. ಫ್ರಿಜ್ಜಿನ ಹಿಂದಿನ ತಟ್ಟೆ, ಹಟ್ಟಿಯ ಕಲ್ಲಿನ ಬಾನಿ, ಮಹಡಿಯ ಮೇಲಿನ ಟೈರು, ಎಲ್ಲಾ ನೋಡಿ. ನೀರು ಚೆಲ್ಲಿದರೆ ಮಾತ್ರ ಸಾಲದು. ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ನೀರು ತಾಗಿದ ಕೂಡಲೇ ಒಡೆಯುತ್ತದೆ. ಅದಕ್ಕೇ ತೆಂಗಿನ ನಾರಿನಿಂದ ಉಜ್ಜಲೇಬೇಕು. ಮೊಟ್ಟೆ ಸೊಳ್ಳೆಯಾಗಲು ಹೆಚ್ಚುಕಮ್ಮಿ ಒಂದು ವಾರ ಬೇಕು, ಹಾಗಾಗಿ ವಾರಕ್ಕೊಮ್ಮೆ ತಪ್ಪಿಸಬೇಡಿ. ಖಾಲಿ ಮಾಡಲಾಗದ ತೊಟ್ಟಿಗೆ, ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಬಿಡಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ಹಳ್ಳಿಯಲ್ಲಿ 200, ಪೇಟೆಯಲ್ಲಿ 400 ರೂಪಾಯಿ ದಂಡವಿಟ್ಟಿತು. ಆದರೆ ಆ ಬಟ್ಟಲು ತೋರಿಸಿದಾಗ ತಾಯಂದಿರ ಮುಖ ಬದಲಾಗುವಷ್ಟು ದಂಡದ ಮಾತಿಗೆ ಬದಲಾಗಿದ್ದು ನಾನು ನೋಡಿಲ್ಲ.

ಮನೆ ಸುತ್ತುವಾಗ ನೀರಿನ ಜೊತೆ ಗಾಳಿಯನ್ನೂ ನೋಡಿ. ಬಚ್ಚಲ ಒಳಗೆ ಗ್ಯಾಸ್ ಗೀಸರ್ ಇದ್ದರೆ ಇವತ್ತೇ ಹೊರಗೆ ಹಾಕಿಸಿ. ಅದರಿಂದ ಏಳುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ, ವಾಸನೆ ಎರಡೂ ಇಲ್ಲ. ತಲೆ ಸುತ್ತುವ ಹೊತ್ತಿಗೆ ಚಿಲಕ ತೆಗೆಯುವಷ್ಟೂ ಕೈಗೆ ಬಲವಿರುವುದಿಲ್ಲ. ಚಾವಣಿಯ ಹಳೇ ಆಸ್ಬೆಸ್ಟಾಸ್ ಶೀಟು ಗಟ್ಟಿಯಾಗಿದ್ದರೆ ಮುಟ್ಟಬೇಡಿ. ತೆಗೆಯಲೇಬೇಕಾದರೆ ನೀರು ಹಾಕಿ ಒದ್ದೆ ಮಾಡಿ, ಒಡೆಯದೆ ಇಳಿಸಿ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಪೊರಕೆಯಿಂದ ಗುಡಿಸಬೇಡಿ.

ಕೊನೆಗೆ ಬೀದಿ. ನಲ್ಲಿ ಪೈಪು ಚರಂಡಿಯೊಳಗೆ ಹಾದುಹೋಗುವ ಜಾಗ ಹುಡುಕಿ. ನೀರು ಬಿಡುವುದು ನಿಂತಾಗ ಖಾಲಿ ಪೈಪು, ಸೋರುವ ಕೀಲಿನಿಂದ ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಫೋಟೋ ತೆಗೆದು, ಅಕ್ಕಪಕ್ಕದವರ ಸಹಿ ಹಾಕಿಸಿ, ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ) ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪೈಪು ಸರಿಹೋಗುವವರೆಗೆ, ನಲ್ಲಿ ಬಂದ ಕೂಡಲೇ ಹಿಡಿದ ಮೊದಲ ಎರಡು ಕೊಡ ಗಿಡಗಳಿಗೆ ಹಾಕಿ.